ಮನೆಮಾತಿನ ಸಾಲುಗಳು

ನನ್ನ ಒಂದನೇ ತರಗತಿಯಲ್ಲಿ ಮಕ್ಕಳು ಹೆಚ್ಚು ದಿನ ಅಳುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ನಮ್ಮ ಕಡೆಯ ಯಾವ ಶಾಲೆಯ ಜಗಲಿಯಲ್ಲಿ ನಿಂತರೂ ಹೊಸ ಮಕ್ಕಳ ಅಳು ಮಳೆಯ ಸದ್ದನ್ನು ಮೀರಿ ಕೇಳುತ್ತದೆ. ನಮ್ಮಲ್ಲಿ ಅದು ಒಂದು ವಾರದೊಳಗೆ ನಿಂತುಬಿಡುತ್ತಿತ್ತು. ಆಚೆ ಊರಿನ ಟೀಚರುಗಳು ಬಸ್ಸಿನಲ್ಲಿ ಸಿಕ್ಕಿದರೆ, "ನೀವು ಮಕ್ಕಳಿಗೆ ಎಂಥ ಮದ್ದು ಕೊಡ್ತೀರಿ ಮಾರಾಯ್ರೇ, ನಮಗೂ ಸ್ವಲ್ಪ ಹೇಳಿ" ಎಂದು ಕೇಳುತ್ತಿದ್ದರು. ಮದ್ದು ನನ್ನದೇ ಆಗಿತ್ತು. ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟದ್ದಲ್ಲ. ಮಕ್ಕಳನ್ನು ಅವರವರ ಮನೆಮಾತಿನ ಪ್ರಕಾರ ಸಾಲು ಮಾಡಿ ಕೂರಿಸುತ್ತಿದ್ದೆ.

ಬಂಟ್ವಾಳದಿಂದ ಮೂಡಬಿದ್ರೆಗೆ ಹೋಗುವ ಬಸ್ಸಿನಲ್ಲಿ ಸಿದ್ಧಕಟ್ಟೆಯಲ್ಲಿ ಇಳಿದು ಒಳಗೆ ನಡೆದು ಹೋಗಬೇಕಾದ ಸರಕಾರಿ ಶಾಲೆ ನಮ್ಮದು. ಏಳನೆಯವರೆಗೆ ತರಗತಿಗಳಿದ್ದವು, ಟೀಚರುಗಳು ಕಡಿಮೆ. ಒಂದು ಮತ್ತು ಎರಡನ್ನು ಒಂದೇ ಕೋಣೆಯಲ್ಲಿ ಜೋಡಿಸಿ ನನಗೆ ಕೊಟ್ಟಿದ್ದರು. ಜೊತೆಗೆ ದೊಡ್ಡ ತರಗತಿಗಳಿಗೆ ಕನ್ನಡ ಪಾಠ. ಬರುವ ಮಕ್ಕಳಲ್ಲಿ ತುಳು ಮಾತಾಡುವ ಮನೆಗಳವರು ಹೆಚ್ಚು, ಆಮೇಲೆ ಬ್ಯಾರಿ ಮಾತಾಡುವ ಮುಸ್ಲಿಮರ ಮನೆಗಳವರು, ಕೆಲವರು ಕೊಂಕಣಿ ಮಾತಾಡುವ ಕ್ರಿಸ್ತುವರ ಮಕ್ಕಳು, ಗುಡ್ಡದ ಮೇಲೆ ರಬ್ಬರ್ ಹಾಕಿಕೊಂಡು ಬಂದ ಮಲಯಾಳಿ ಮನೆಗಳ ಒಂದೆರಡು ಮಕ್ಕಳು. ಕನ್ನಡ ಯಾರ ಮನೆಯಲ್ಲೂ ಇರಲಿಲ್ಲ. ಕನ್ನಡ ಇದ್ದದ್ದು ಪುಸ್ತಕದಲ್ಲಿ ಮತ್ತು ನನ್ನ ಬಾಯಲ್ಲಿ. ನನ್ನ ಬಾಯಿಗೂ ಅದು ಹೊರಗಿನಿಂದ ಬಂದದ್ದೇ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಮೆಟ್ಟಲು ಹತ್ತಿದವರು ಯಾರೂ ಇಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದಳು. ನಾನೂ ಕಟ್ಟುತ್ತಿದ್ದೆ. ಬೆಳಿಗ್ಗೆ ಮೊರದಲ್ಲಿ ಎಲೆ ಕತ್ತರಿಸಿಟ್ಟು ಮೂಡಬಿದ್ರೆಗೆ ಕಾಲೇಜಿಗೆ ಹೋಗಿ, ಸಂಜೆ ಬಂದು ಉಳಿದದ್ದನ್ನು ಕಟ್ಟಿ ಬಿ.ಎ. ಮುಗಿಸಿದವಳು. ಆಮೇಲೆ ಟೀಚರ್ ತರಬೇತಿಯ ಟಿ.ಸಿ.ಎಚ್. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ ಇಲ್ಲ, ಈಗಲೂ ಹೆಮ್ಮೆಯೇ. ಆದರೆ ಸಣ್ಣವಳಿದ್ದಾಗ ಒಂದನೇ ತರಗತಿಯಲ್ಲಿ ನಾನು ಬಹಳ ದಿನ ಗೋಡೆಯಂತೆ ಕೂತಿದ್ದೆ. ಮಾಸ್ಟ್ರು ಹೇಳಿದ್ದು ಒಂದೂ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಒಬ್ಬಳು ಹುಡುಗಿ ನನ್ನ ಕಿವಿಯಲ್ಲಿ ತುಳುವಿನಲ್ಲಿ ಪಿಸುಗುಟ್ಟಲು ಶುರು ಮಾಡಿದ ಮೇಲೆಯೇ ನನಗೆ ಶಾಲೆ ಎಂದರೆ ಏನೆಂದು ಗೊತ್ತಾದದ್ದು. ಆ ಪಿಸುಮಾತು ಇಲ್ಲದಿದ್ದರೆ ಬಿ.ಎ. ಎಲ್ಲಿಯದು?

ಹಾಗಾಗಿ ನಾನು ಟೀಚರಾದಾಗ ಆ ಪಿಸುಮಾತನ್ನೇ ಪದ್ಧತಿ ಮಾಡಿದೆ. ಗೋಡೆಯ ಪಕ್ಕದಿಂದ ಶುರುವಾಗಿ ತುಳು ಮಕ್ಕಳ ಸಾಲುಗಳು, ನಡುವಿನಲ್ಲಿ ಬ್ಯಾರಿ ಮಕ್ಕಳವು, ಕಿಟಕಿಯ ಹತ್ತಿರ ಕೊಂಕಣಿ ಮತ್ತು ಮಲಯಾಳ. ಪ್ರತಿ ಸಾಲಿನ ಮುಂದೆ ಅದೇ ಮನೆಮಾತಿನ, ಎರಡನೇ ತರಗತಿಯ ಒಂದು ಚುರುಕು ಮಗು. ನಾನು "ಬೆಕ್ಕು" ಎಂದು ಬರೆದು ಓದಿದರೆ ಮುಂದಿನ ಮಗು ತಿರುಗಿ ತನ್ನ ಸಾಲಿಗೆ ಹೇಳುತ್ತಿತ್ತು. ಒಂದು ಕಡೆಯಿಂದ "ಪುಚ್ಚೆ", ಇನ್ನೊಂದು ಕಡೆಯಿಂದ "ಮಾಜರ್". ಕೋಣೆ ಜೇನುಗೂಡಿನ ಹಾಗೆ ಗುಂಯ್‌ಗುಟ್ಟುತ್ತಿತ್ತು. ತಿಂಗಳು ಎರಡು ಕಳೆಯುವಷ್ಟರಲ್ಲಿ ಮಕ್ಕಳು ನನ್ನ ಕನ್ನಡಕ್ಕೆ ನೇರ ತಲೆಯಾಡಿಸುತ್ತಿದ್ದವು.

ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಹಿಂದೆ ನಿಂತು ನೋಡಿದರು, ಮಕ್ಕಳ ಹತ್ತಿರ ಓದಿಸಿದರು. ಹೊರಗೆ ಬಂದು ಹೆಡ್ಮಾಸ್ಟರ ಹತ್ತಿರ, "ಈ ಟೀಚರನ್ನು ಬಿಡಬೇಡಿ" ಎಂದರು. ಹೆಡ್ಮಾಸ್ಟರು ನನ್ನನ್ನು ನೋಡಿ, "ಕೇಳಿತಾ? ಇನ್ನು ನಿಮಗೆ ಟ್ರಾನ್ಸ್‌ಫರ್ ಇಲ್ಲ. ಇಲ್ಲೇ ಮುದುಕಿ ಆಗ್ಬೇಕು" ಎಂದು ನಕ್ಕರು.

ಆ ಮುಂದಿನ ಜೂನಿನಲ್ಲಿ ಬಂದವರು ಆ ಇಬ್ಬರು ಹುಡುಗಿಯರು.

ಹೆಸರು ಬರೆಯುವುದಿಲ್ಲ. ಒಬ್ಬಳು ಬಾಯಿ ಮುಚ್ಚದ ಮಾತಿನಮಲ್ಲಿ, ಬ್ಯಾರಿ ಮನೆಯವಳು, ಅಪ್ಪ ಗಲ್ಫಿನಲ್ಲಿ. ಇನ್ನೊಬ್ಬಳು ಗುಂಗುರು ಕೂದಲಿನವಳು, ತುಳು ಮನೆಯವಳು, ಅಪ್ಪ ಅಡಿಕೆ ಸುಲಿಯಲು ಹೋಗುತ್ತಿದ್ದವನು. ಎರಡು ಮನೆಗಳ ನಡುವೆ ಒಂದು ತಗ್ಗು ಕಲ್ಲಿನ ಗೋಡೆ. ಇಬ್ಬರ ತಾಯಂದಿರೂ ಬೀಡಿ ಕಟ್ಟುವವರು. ಒಬ್ಬರ ಜಗಲಿಯಲ್ಲಿಯೇ ಇಬ್ಬರೂ ಮೊರ ಇಟ್ಟುಕೊಂಡು ದಿನವಿಡೀ ಕೂರುವವರು. ಶಾಲೆಗೆ ಸೇರಿಸಲು ಇಬ್ಬರೂ ಒಟ್ಟಿಗೇ ಬಂದರು. ಮಾತಿನಮಲ್ಲಿಯ ತಾಯಿ ನನ್ನ ಹತ್ತಿರ ಚೊಕ್ಕ ತುಳುವಿನಲ್ಲಿ ಹೇಳಿದಳು: "ಟೀಚರೇ, ಇವೆರಡನ್ನು ಒಟ್ಟಿಗೆ ಕೂರಿಸಿ. ಒಂದನ್ನು ಬಿಟ್ಟು ಇನ್ನೊಂದು ಅನ್ನ ಸಹ ತಿನ್ನುವುದಿಲ್ಲ."

ಗುಂಗುರು ಕೂದಲಿನವಳ ತಾಯಿ ಸೇರಿಸಿದಳು: "ಮಲಗಲಿಕ್ಕೆ ಮಾತ್ರ ಬೇರೆ ಬೇರೆ ಮನೆ. ಅದಕ್ಕೂ ಜಗಳವೇ."

"ನೋಡುವ" ಎಂದೆ ನಾನು.

ಮರುದಿನ ಸಾಲು ಮಾಡುವಾಗ ಹೊಸ ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ, ಮನೆಯಲ್ಲಿ ಯಾವ ಭಾಷೆ ಎಂದು ತುಳುವಿನಲ್ಲೇ ಕೇಳಿದೆ. ಗುಂಗುರು ಕೂದಲಿನವಳು ನೆಲ ನೋಡುತ್ತಾ, "ತುಳು" ಎಂದಳು. ಮಾತಿನಮಲ್ಲಿ ಅವಳಿಗಿಂತ ಜೋರಾಗಿ, "ತುಳು" ಎಂದಳು.

ನಾನು ನಕ್ಕೆ. "ಉಮ್ಮನ ಹತ್ತಿರ ಎಂಥ ಮಾತಾಡುವುದು ನೀನು?"

"ಉಮ್ಮನ ಹತ್ತಿರ ಬ್ಯಾರಿ."

"ಮತ್ತೆ ತುಳು ಅಂದೆ?"

"ಇವಳ ಮನೆಯಲ್ಲಿ ತುಳು."

"ಇವಳ ಮನೆ ನಿನ್ನ ಮನೆಯಾ?"

ಅವಳು ಸ್ವಲ್ಪ ಯೋಚನೆ ಮಾಡಿದಳು. "ಹಗಲಿಗೆ ಹೌದು."

ಎರಡನೆಯ ತರಗತಿಯ ಮಕ್ಕಳೆಲ್ಲ ಹೋ ಎಂದು ನಕ್ಕವು. ನನಗೂ ನಗು ಬಂತು. ಆದರೂ ತೋಳು ಹಿಡಿದು ಅವಳನ್ನು ನಡುವಿನ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಶಾಲೆಯಲ್ಲಿ ಸುಳ್ಳು ಹೇಳಬಾರದು ಎಂದೂ ಹೇಳಿದೆ. ತಿರುಗಿ ನೋಡಿದರೆ ಗುಂಗುರು ಕೂದಲಿನವಳು ಚೀಲ ಎತ್ತಿಕೊಂಡು ಹಿಂದೆಯೇ ಬರುತ್ತಿದ್ದಾಳೆ. "ನನಗೆ ಬ್ಯಾರಿ ಬರ್ತದೆ ಟೀಚರ್" ಎಂದಳು. ಬರುತ್ತಿತ್ತು, ನಿಜವೇ. ಅವಳನ್ನೂ ಹಿಂದಕ್ಕೆ ಕಳಿಸಿದೆ. ಇಬ್ಬರೂ ಅಳಲು ಶುರು ಮಾಡಿದರು. ಒಬ್ಬಳು ಗಂಟಲು ಬಿರಿಯುವ ಹಾಗೆ, ಇನ್ನೊಬ್ಬಳು ಸದ್ದಿಲ್ಲದೆ. ವಾರದೊಳಗೆ ಇಬ್ಬರೂ ನಿಲ್ಲಿಸಿದರು. ನನ್ನ ಪದ್ಧತಿ ಗೆದ್ದಿತು ಎಂದುಕೊಂಡೆ.

ಮುಂದಿನ ವರ್ಷ ಇಬ್ಬರೂ ತಮ್ಮ ತಮ್ಮ ಸಾಲಿನ ಮುಂದೆ ಕೂರುವ ಚುರುಕು ಮಕ್ಕಳಾದರು. ಅಷ್ಟು ಒಳ್ಳೆಯ ಜೋಡಿ ನನಗೆ ಮತ್ತೆ ಸಿಗಲಿಲ್ಲ. ಸಾಲಿನಿಂದ ಸಾಲಿಗೆ ಸ್ಲೇಟು ಎತ್ತಿ ಏನೇನೋ ಗುರುತು ತೋರಿಸಿಕೊಳ್ಳುತ್ತಿದ್ದರು, ಬಾಯಿ ಮುಚ್ಚಿ ನಗುತ್ತಿದ್ದರು. ನಾನು ಗದರುತ್ತಿದ್ದೆ. ಗಂಟೆ ಹೊಡೆದ ಕೂಡಲೇ ಇಬ್ಬರೂ ಬಾಗಿಲಲ್ಲಿ ಕೈ ಕೈ ಹಿಡಿದು ಓಡುತ್ತಿದ್ದರು.

ಬೆಳ್ತಂಗಡಿಯಲ್ಲಿ ಶಿಕ್ಷಕರ ಸಭೆಯೊಂದಕ್ಕೆ ನನ್ನನ್ನು ಮಾತಾಡಲು ಕರೆದದ್ದು ಅದರ ಮಾರನೆಯ ವರ್ಷ. ನಾನು ಇದ್ದ ಒಂದೇ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಬಿ.ಎ., ಎಂ.ಎ. ಮಾಡಿದವರ ಮಕ್ಕಳು, ಮಾಸ್ಟ್ರುಗಳ ಮಕ್ಕಳು, ಮನೆ ತುಂಬ ಪುಸ್ತಕ ಇದ್ದವರು ಎದುರಿಗೆ ಕೂತಿದ್ದರು. ಬೀಡಿ ಕಟ್ಟುವವಳ ಮಗಳು ಮೈಕಿನ ಮುಂದೆ. ಚೆನ್ನಾಗಿಯೇ ಮಾತಾಡಿದೆ. ಬೋರ್ಡಿನಲ್ಲಿ ಸಾಲುಗಳ ಚಿತ್ರ ಬಿಡಿಸಿ ತೋರಿಸಿದೆ. ಕೊನೆಗೆ ಗುಡ್ಡದ ಬದಿಯ ಶಾಲೆಯ ಒಬ್ಬ ಮಾಸ್ಟ್ರು ಎದ್ದು ನಿಂತು ಕೇಳಿದರು: "ಟೀಚರೇ, ನಮ್ಮಲ್ಲಿ ಕೆಲವು ಮಕ್ಕಳು ಎರಡು ಮೂರು ಭಾಷೆ ಒಟ್ಟಿಗೇ ಮಾತಾಡ್ತವೆ. ಅವನ್ನು ಎಲ್ಲಿ ಕೂರಿಸುವುದು?"

ನಾನು ತಡೆಯದೆ ಹೇಳಿದೆ: "ಹೆಸರು ನೋಡಿ ಮಾಸ್ಟ್ರೇ, ಗೊತ್ತಾಗ್ತದೆ."

ಸಭೆ ನಕ್ಕಿತು. ಕೆಲವರು ಬರೆದುಕೊಂಡರು. ಚಹಾದ ಹೊತ್ತಿಗೆ ಒಬ್ಬರು ಬಂದು, "ಅದೊಂದು ಮಾತು ಹೇಳಿದ್ರಲ್ಲ, ಬಹಳ ಪ್ರಾಕ್ಟಿಕಲ್" ಎಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳು ಮೊರ ಕೆಳಗಿಟ್ಟು, "ನನ್ನ ಮಗಳು ಟೀಚರುಗಳಿಗೇ ಟೀಚರ್" ಎಂದು ಪಕ್ಕದ ಮನೆಗೆ ಕೇಳುವ ಹಾಗೆ ಹೇಳಿದಳು.

ನಾನು ಮಕ್ಕಳ ಹತ್ತಿರ ಭಾಷೆ ಕೇಳುತ್ತಿದ್ದೆ, ಹೌದು. ಆದರೆ ಅವರು ಬಾಯಿ ತೆರೆಯುವ ಮೊದಲೇ ಹಾಜರಿ ಪುಸ್ತಕದಲ್ಲಿ ಹೆಸರು ನೋಡಿ ಜಾಗ ನಿಶ್ಚಯ ಮಾಡಿರುತ್ತಿದ್ದೆ. ಕೇಳುವುದು ಬರೀ ಮರ್ಯಾದೆಗೆ. ಇದು ನನಗೆ ಆ ದಿನ ಮೈಕಿನ ಮುಂದೆ ಹೇಳುವಾಗಲೂ ತಪ್ಪು ಅನ್ನಿಸಲಿಲ್ಲ. ಅನ್ನಿಸಲಿಲ್ಲ ಎಂಬುದೇ ಈಗ ನನ್ನನ್ನು ಹೆಚ್ಚು ಚುಚ್ಚುವುದು.

ಸಾಲುಗಳು ಒಂದು, ಎರಡನೇ ತರಗತಿಗೆ ಮಾತ್ರ ಬೇಕಾದವು. ಮೂರನೆಯಲ್ಲಿ ಎಲ್ಲರಿಗೂ ಕನ್ನಡ ತಿಳಿಯುತ್ತಿತ್ತು. ಆದರೆ ಮಕ್ಕಳು ಮೇಲಿನ ತರಗತಿಗೆ ಹೋದಾಗ ಅದೇ ಸಾಲಿನಲ್ಲಿ ಹೋಗಿ ಕೂತರು. ಅಲ್ಲಿಯ ಮಾಸ್ಟ್ರುಗಳಿಗೆ ಅದು ಸುಲಭವಾಯಿತು, ಅಭ್ಯಾಸವಾದ ಜಾಗ, ಗಲಾಟೆ ಕಡಿಮೆ. ಬುತ್ತಿ ಊಟಕ್ಕೆ ಕೈ ತೊಳೆಯಲು ಕಳಿಸುವಾಗ ಸಾಲಿನ ಪ್ರಕಾರ. ಆಟಕ್ಕೆ ತಂಡ ಮಾಡುವಾಗ ಸಾಲಿನ ಪ್ರಕಾರ. "ಸಾಲು ಉಂಟಲ್ಲ ಟೀಚರೇ, ಇನ್ನು ಆರಿಸುವ ತಲೆಬಿಸಿ ಯಾಕೆ?" ಎನ್ನುತ್ತಿದ್ದರು ಹೆಡ್ಮಾಸ್ಟರು. ಮೊದಮೊದಲು ಮಕ್ಕಳು ತುಳು ಸಾಲು, ಬ್ಯಾರಿ ಸಾಲು ಎನ್ನುತ್ತಿದ್ದವು. ಯಾವಾಗಲೋ ಅದು ನಮ್ಮ ಸಾಲು, ಅವರ ಸಾಲು ಆಯಿತು. ಯಾವ ದಿನ ಆಯಿತೆಂದು ನಾನು ಗಮನಿಸಲಿಲ್ಲ. ನಾನು ಆಗ ಬಂಟ್ವಾಳದ ಇನ್ನೊಂದು ಸಭೆಗೆ ತಯಾರಿ ಮಾಡುತ್ತಿದ್ದೆ.

ಆ ಇಬ್ಬರು ಹುಡುಗಿಯರು ಆರನೆಗೆ ಬರುವಾಗ ಸ್ಲೇಟೂ ಇಲ್ಲ, ಗುರುತೂ ಇಲ್ಲ. ಆದರೂ ಸಂಜೆ ಒಂದೇ ದಾರಿಯಲ್ಲಿ ಹೋಗುತ್ತಿದ್ದರು. ಮಾತಿನಮಲ್ಲಿ ಮುಂದಿನಿಂದ ಹಿಂದಕ್ಕೆ ಮುಖ ಮಾಡಿ ನಡೆಯುತ್ತಾ ಮಾತಾಡುವುದು, ಗುಂಗುರು ಕೂದಲಿನವಳು ತಲೆಯಾಡಿಸುತ್ತಾ ಬರುವುದು. ಬಸ್ಸಿಗೆ ಹೋಗುವಾಗ ನಾನು ಅವರ ಹಿಂದೆ ಹೋಗುತ್ತಿದ್ದೆ.

ಅವರು ಏಳನೆಯಲ್ಲಿದ್ದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪೇಟೆಯಲ್ಲಿ ಗಲಾಟೆ ಆಯಿತು. ಯಾರು ಮೊದಲು, ಯಾಕೆ ಎಂದು ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಅದು ಹೇಗೆ ಶುರುವಾಗುತ್ತದೆಂದು ಗೊತ್ತು, ಹೊರಗಿನವರಿಗೆ ಹೇಳಿದರೂ ತಿಳಿಯುವುದಿಲ್ಲ. ಬಸ್ಸು ನಿಂತಿತು, ಅಂಗಡಿ ಮುಚ್ಚಿತು, ಶಾಲೆಗೆ ರಜೆ ಕೊಟ್ಟರು. ನಮ್ಮ ಊರಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದರೆ ಶಾಲೆ ಮತ್ತೆ ತೆರೆದ ದಿನ ನಾನು ಏಳನೇ ತರಗತಿಗೆ ಕನ್ನಡ ಪಾಠಕ್ಕೆ ಹೋದಾಗ ಬೆಂಚುಗಳು ಸರಿದಿದ್ದವು. ತುಳು ಸಾಲಿನದು ಗೋಡೆಗೆ ಅಂಟಿತ್ತು, ಬ್ಯಾರಿ ಸಾಲಿನದು ಕಿಟಕಿಯ ಕಡೆಗೆ. ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಯಾರು ಸರಿಸಿದ್ದೆಂದು ಕೇಳಿದೆ. ಎಲ್ಲರೂ ತಲೆ ತಗ್ಗಿಸಿ ಪುಸ್ತಕ ತೆರೆದರು. ಮಾತಿನಮಲ್ಲಿಯೂ ತೆರೆದಳು. ಸಂಜೆ ಅವಳು ಮೊದಲು ಹೋದಳು, ಗುಂಗುರು ಕೂದಲಿನವಳು ಗೇಟಿನ ಹತ್ತಿರ ಸ್ವಲ್ಪ ನಿಂತು ಆಮೇಲೆ ಹೋದಳು.

ಆ ವಾರವೇ ಶಾಲಾ ಸಮಿತಿಯ ಸಭೆ ಇತ್ತು. ನಮ್ಮ ಸಮಿತಿಯಲ್ಲಿ ಇಬ್ಬರು ಹಿರಿಯರು, ಒಬ್ಬರು ಅಡಿಕೆ ತೋಟದವರು, ಇನ್ನೊಬ್ಬರು ಪಾಣೆಮಂಗಳೂರಿನಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹುಕಾರರು. ಶೌಚಾಲಯಕ್ಕೆ ಹಂಚು ಹಾಕುವುದೋ ಶೀಟು ಹಾಕುವುದೋ ಎನ್ನುವುದಕ್ಕೂ ಇಬ್ಬರಿಗೆ ಒಮ್ಮತ ಬಂದದ್ದಿಲ್ಲ. ಆ ದಿನ ತೋಟದವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಟೀಚರೇ, ಒಂದು ಮಾತು ಹೇಳ್ಬೇಕು. ನೀವು ಮೊದಲೇ ಮಕ್ಕಳನ್ನು ಬೇರೆ ಬೇರೆ ಕೂರಿಸಿದ್ದು ಬಹಳ ಒಳ್ಳೇದಾಯ್ತು. ಬೇರೆ ಶಾಲೆಯಲ್ಲಿ ಈಗ ಎಲ್ಲಿ ಕೂರಿಸುವುದು ಅಂತ ಜಗಳ ಆಗ್ತಾ ಉಂಟಂತೆ. ನಮ್ಮಲ್ಲಿ ಆ ಕಿರಿಕಿರಿಯೇ ಇಲ್ಲ."

ಅಂಗಡಿಯವರು ತಲೆಯಾಡಿಸಿದರು. "ಅದು ಹೌದು. ಟೀಚರಿಗೆ ದೂರಾಲೋಚನೆ ಉಂಟು. ನಮ್ಮ ಮನೆ ಹೆಂಗಸರೂ ಅದೇ ಹೇಳಿದ್ದು."

"ನೋಡಿ," ಎಂದರು ತೋಟದವರು, "ಇವರು ನನ್ನ ಮಾತಿಗೆ ಹೌದು ಅಂದದ್ದು ಇದೇ ಮೊದಲು."

"ನೀವು ಸರಿ ಮಾತಾಡಿದ್ದೂ ಇದೇ ಮೊದಲು ಮಾರಾಯ್ರೇ" ಎಂದರು ಅಂಗಡಿಯವರು. ಎಲ್ಲರೂ ನಕ್ಕರು. ಹೆಡ್ಮಾಸ್ಟರೂ ನಕ್ಕರು.

ನಾನು, ಅದು ಭಾಷೆಗಾಗಿ ಮಾಡಿದ್ದು, ಸಣ್ಣ ಮಕ್ಕಳಿಗೆ ಪಾಠ ತಿಳಿಯಲಿ ಎಂದು ಮಾಡಿದ್ದು, ಎಂದು ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. "ಯಾವುದಕ್ಕೋ, ಒಟ್ಟು ಒಳ್ಳೇದಾಯ್ತಲ್ಲ" ಎಂದರು ತೋಟದವರು. ನನ್ನ ಕೆಲಸವನ್ನು ಅಷ್ಟು ಮನಸ್ಸಿಟ್ಟು ಯಾರೂ ಹೊಗಳಿರಲಿಲ್ಲ. ನನಗೆ ಕೂತಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಎದ್ದು ಹೋಗಲಿಲ್ಲ. ಚಹಾ ಕುಡಿದು, ಸಹಿ ಹಾಕಿ ಬಂದೆ.

ಸೋಮವಾರ ಸಾಲುಗಳನ್ನು ಕಲಸಿದೆ. ಒಂದನೇ ತರಗತಿಯಲ್ಲಿ ಸುಲಭವಾಯಿತು. ಕೆಲವು ಮಕ್ಕಳು ಪಾಠದಲ್ಲಿ ಹಿಂದೆ ಬಿದ್ದವು, ಆಗಲಿ ಎಂದುಕೊಂಡೆ, ನಾನೇ ತುಳುವಿನಲ್ಲೂ ಮುರುಕು ಬ್ಯಾರಿಯಲ್ಲೂ ಹೇಳಿದೆ. ನನ್ನ ಬ್ಯಾರಿ ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಕಷ್ಟವಾದದ್ದು ಏಳನೆಯಲ್ಲಿ. ಅಲ್ಲಿ ಯಾರೂ ಎದುರು ಮಾತಾಡಲಿಲ್ಲ, ಹೇಳಿದಲ್ಲಿ ಕೂತರು. ಆ ಇಬ್ಬರನ್ನು ಎರಡನೇ ಬೆಂಚಿನಲ್ಲಿ ಒಟ್ಟಿಗೆ ಕೂರಿಸಿದೆ. ಮೊದಲ ದಿನ ಅವರ ತಾಯಂದಿರು ಕೇಳಿಕೊಂಡದ್ದನ್ನು ಈಗ ಕೊಡುತ್ತಿದ್ದೇನೆ ಎಂದು ನನಗೊಂದು ಸಮಾಧಾನ. ಮಾತಿನಮಲ್ಲಿ ತನ್ನ ಚೀಲವನ್ನು ಬೆಂಚಿನ ನಡುವೆ ಇಟ್ಟಳು. ಗುಂಗುರು ಕೂದಲಿನವಳು ತನ್ನ ಚೀಲವನ್ನು ಅದರ ಪಕ್ಕಕ್ಕೆ ಇಟ್ಟಳು. ಎರಡು ಚೀಲದ ಆಚೆ ಈಚೆ ಇಬ್ಬರೂ ಬೋರ್ಡು ನೋಡುತ್ತಾ ಕೂತರು.

ವಾರ ಕಳೆಯುವ ಮೊದಲೇ ಹೆತ್ತವರು ಬರಲು ಶುರುವಾದರು, ಎರಡೂ ಕಡೆಯವರು. ಬೈಯಲಿಲ್ಲ, ನಯವಾಗಿಯೇ ಹೇಳಿದರು. "ಮೊದಲಿದ್ದ ಹಾಗೆ ಮಾಡಿ ಟೀಚರೇ, ನಮಗೆ ಯಾರ ಮೇಲೂ ದ್ವೇಷ ಇಲ್ಲ." ಹೆಡ್ಮಾಸ್ಟರು ನನ್ನನ್ನು ಕರೆದು, "ನೀವೇ ಮಾಡಿದ ಸಾಲು, ನೀವೇ ಯಾಕೆ ಹಾಳು ಮಾಡ್ತೀರಿ? ಸುಮ್ಮನಿದ್ದ ಗೂಡಿಗೆ ಕಲ್ಲು ಹಾಕ್ಬೇಡಿ" ಎಂದರು.

ಒಂದು ದಿನ ಊಟದ ಬಿಡುವಿನಲ್ಲಿ ಮಾತಿನಮಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳ ಕನ್ನಡ ಆಗ ನನ್ನ ಕನ್ನಡಕ್ಕಿಂತ ಚೆನ್ನಾಗಿತ್ತು.

"ಟೀಚರ್, ನನ್ನನ್ನು ನನ್ನ ಸಾಲಿಗೆ ಕಳಿಸ್ತೀರಾ?"

"ಯಾಕೆ? ಅವಳ ಜೊತೆ ಜಗಳವಾ?"

"ಜಗಳ ಇಲ್ಲ."

"ಮತ್ತೆ?"

"ಅಲ್ಲಿ ಕೂತ್ರೆ ನಮ್ಮ ಸಾಲಿನವರು ನನ್ನ ಹತ್ತಿರ ಮಾತಾಡುವುದಿಲ್ಲ. ಅವಳ ಹತ್ತಿರ ಅವಳ ಸಾಲಿನವರು ಮಾತಾಡುವುದಿಲ್ಲ."

"ನೀವಿಬ್ಬರು ಮಾತಾಡಿಕೊಳ್ಳಿ ಮತ್ತೆ. ಸಣ್ಣದಿರುವಾಗ ಒಟ್ಟಿಗೆ ಕೂರಿಸಿ ಅಂತ ಅತ್ತವರು ನೀವೇ ಅಲ್ವಾ?"

ಅವಳು ನನ್ನನ್ನು ನೇರ ನೋಡಿದಳು. ಸಿಟ್ಟಿರಲಿಲ್ಲ. "ಆಗ ನೀವು ಬೇಡ ಅಂದ್ರಿ. ಈಗ ಎಲ್ಲರೂ ಬೇಡ ಅಂತಾರೆ. ನಿಮಗೆ ಮಾತ್ರ ಬೇಕು."

ಆ ಸಂಜೆ ನಾನು ಅವರ ಮನೆಗಳಿಗೆ ಹೋದೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಇಬ್ಬರು ತಾಯಂದಿರೂ ಬೀಡಿ ಕಟ್ಟುತ್ತಿದ್ದರು, ಅವರವರ ಮನೆಯೊಳಗೆ. ಜಗಲಿ ಖಾಲಿ. ಮಾತಿನಮಲ್ಲಿಯ ತಾಯಿ ನನಗೆ ಕುರ್ಚಿ ಹಾಕಿ ಶರಬತ್ತು ಕೊಟ್ಟಳು. ಮಗಳು ಒಳಗಿನ ಬಾಗಿಲಲ್ಲಿ ನಿಂತಿದ್ದಳು.

"ನಮಗೂ ಅವರಿಗೂ ಎಂಥದೂ ಇಲ್ಲ ಟೀಚರೇ. ನಿನ್ನೆ ಸಹ ಸಾರಿಗೆ ಹುಳಿ ಅವರಿಂದಲೇ ತಂದದ್ದು, ಹಿಂದಿನ ಬಾಗಿಲಿಂದ. ಎದುರಿಂದ ಹೋದ್ರೆ ದಾರಿಯವರು ನೋಡ್ತಾರೆ."

"ಇವಳು ಆ ಹುಡುಗಿ ಜೊತೆ ಕೂತ್ಕೊಳ್ಳಿ. ಇನ್ನು ಇರುವುದೇ ಕೆಲವು ತಿಂಗಳು."

"ಅದಕ್ಕೇ ಹೇಳುವುದು. ಮುಂದಿನ ವರ್ಷ ಇವಳನ್ನು ಪಾಣೆಮಂಗಳೂರಿಗೆ ಕಳಿಸ್ತೇವೆ, ನನ್ನ ಅಣ್ಣನ ಮನೆಯಿಂದ ಹೋಗ್ತಾಳೆ. ಅಲ್ಲಿ ನಮ್ಮ ಮಕ್ಕಳೇ ಜಾಸ್ತಿ. ಎಲ್ಲಿ ಕೂರುವುದು ಅಂತ ತಲೆಬಿಸಿ ಇಲ್ಲ. ಕೆಲವು ತಿಂಗಳಿಗೆ ಯಾಕೆ ಅವಳಿಗೆ ಕಷ್ಟ? ನೀವೇ ಮೊದಲು ಸರಿಯಾಗಿ ಕೂರಿಸಿದ್ರಿ, ಹಾಗೇ ಇರ್ಲಿ."

ಗೋಡೆಯಾಚೆಯ ಮನೆಯಲ್ಲಿ ಗುಂಗುರು ಕೂದಲಿನವಳ ತಾಯಿ ಮೊರ ಮಡಿಲಿನಿಂದ ಇಳಿಸದೆ ಮಾತಾಡಿದಳು. "ನನಗೆ ಅವಳಿಲ್ಲದೆ ಕೈ ಓಡುವುದಿಲ್ಲ ಟೀಚರೇ. ಮಾತಾಡ್ತಾ ಕಟ್ಟಿದ್ರೆ ಕಟ್ಟಿದ್ದೇ ಗೊತ್ತಾಗ್ತಿರ್ಲಿಲ್ಲ. ಆದ್ರೆ ಗಂಡಸರು ಬೇಡ ಅಂದ ಮೇಲೆ ಎಂಥ ಮಾಡುವುದು? ಶಾಲೆಯಲ್ಲೇ ಬೇರೆ ಬೇರೆ ಕೂರಿಸ್ತಾರೆ, ನಿಮಗೆ ಮಾತ್ರ ಒಟ್ಟಿಗೆ ಕೂರುವುದು ಯಾಕೆ ಅಂತ ಕೇಳ್ತಾರೆ."

ಕಟ್ಟಿಕೊಂಡು ಹೋದ ಮಾತುಗಳನ್ನು ಹಾಗೆಯೇ ಕಟ್ಟಿಕೊಂಡು ಬಸ್ಸಿಗೆ ನಡೆದೆ. 

ಮರುದಿನ ಮಾತಿನಮಲ್ಲಿಯನ್ನು ಅವಳ ಸಾಲಿಗೆ ಕಳಿಸಿದೆ. ಹಟ ಹಿಡಿಯಬಹುದಿತ್ತು. ನನ್ನ ಸಮಾಧಾನಕ್ಕೆ ಆ ಮಕ್ಕಳ ಮಾತು ನಿಲ್ಲಿಸುವುದು ಬೇಡವೆಂದುಕೊಂಡೆ. ಇಲ್ಲ, ಅದು ಪೂರ್ತಿ ನಿಜವಲ್ಲ. ಹೆಡ್ಮಾಸ್ಟರ ಮಾತೂ ಹೆತ್ತವರ ಬರುವಿಕೆಯೂ ನನಗೆ ಸಾಕಾಗಿತ್ತು. ಅವಳು ಚೀಲ ಎತ್ತಿಕೊಂಡು ಹೋದಳು. ಗುಂಗುರು ಕೂದಲಿನವಳು ತನ್ನ ಚೀಲವನ್ನು ತೆಗೆಯಲಿಲ್ಲ. ಬೆಂಚಿನ ನಡುವೆ ಅದು ಹಾಗೆಯೇ ಇತ್ತು, ಅವಳು ಆ ತುದಿಯಲ್ಲಿ ಕೂತು ಪಾಠ ಬರೆದುಕೊಂಡಳು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಹಳೆಯ ಜಾಗಕ್ಕೆ ಹೋದರು. ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಒಂದು ಬೆಂಚು ಸರಿಯುವ ಸದ್ದು.

ಆ ಚಳಿಗಾಲದಲ್ಲಿ ಬೆಳ್ತಂಗಡಿಯ ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಮಾಸ್ಟ್ರು ಮೂಡಬಿದ್ರೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ನನ್ನನ್ನು ದೂರದಿಂದಲೇ ಗುರುತು ಹಿಡಿದು ಬಂದರು. "ಟೀಚರೇ, ನಿಮ್ಮ ಪದ್ಧತಿ ನಮ್ಮಲ್ಲಿ ಈಗ ಎಲ್ಲ ತರಗತಿಗೂ ಉಂಟು. ಪಕ್ಕದ ಶಾಲೆಯವರೂ ತಗೊಂಡಿದ್ದಾರೆ."

"ಅದನ್ನು ನಿಲ್ಲಿಸಿ ಮಾಸ್ಟ್ರೇ" ಎಂದೆ. "ನನ್ನ ಒಂದನೇ ತರಗತಿಯಲ್ಲಿ ನಾನು ನಿಲ್ಲಿಸಿದ್ದೇನೆ. ಹೆಸರು ನೋಡಿ ಕೂರಿಸಿ ಅಂದದ್ದು ತಪ್ಪಾಯ್ತು."

ಅವರು ನಕ್ಕರು. ತಮಾಷೆ ಎಂದುಕೊಂಡರೋ ಏನೋ. "ಈಗ ನಿಲ್ಲಿಸಿದ್ರೆ ಊರಿನವರು ಬಿಡ್ಲಿಕ್ಕುಂಟಾ?" ಎಂದರು. ಬಸ್ಸು ಬಂತು. ಬಾಗಿಲಲ್ಲಿ ನಿಂತು ಕೈ ಎತ್ತಿ ನಮಸ್ಕಾರ ಮಾಡಿ ಹೋದರು. ನಾನು ಎಷ್ಟು ಸಭೆಗಳಲ್ಲಿ ಮಾತಾಡಿದ್ದೇನೆ, ಎಷ್ಟು ಮಂದಿ ಬರೆದುಕೊಂಡಿದ್ದಾರೆ ಎಂದು ಯೋಚಿಸುತ್ತಾ ನಿಂತು, ನನ್ನ ಬಸ್ಸನ್ನು ತಪ್ಪಿಸಿಕೊಂಡೆ.

ಮಾರ್ಚಿನಲ್ಲಿ ಏಳನೆಯವರ ಬೀಳ್ಕೊಡುಗೆ. ಗ್ರ‍ೂಪ್ ಫೋಟೋ ತೆಗೆಯಲು ಬಂಟ್ವಾಳದಿಂದ ಫೋಟೋಗ್ರಾಫರ್ ಬಂದಿದ್ದ. ಅಂಗಳದಲ್ಲಿ ಬೆಂಚು ಹಾಕಿದರು. ಟೀಚರುಗಳಿಗೆ ಮುಂದೆ ಕುರ್ಚಿ, ಹಿಂದೆ ಮಕ್ಕಳು ಬೆಂಚಿನ ಮೇಲೆ. ಯಾರೂ ಹೇಳಲಿಲ್ಲ, ಆದರೂ ಮಕ್ಕಳು ತಾವಾಗಿಯೇ ಎರಡು ಗುಂಪಾಗಿ ನಿಂತರು, ಎಡಕ್ಕೆ ಕೆಲವರು, ಬಲಕ್ಕೆ ಕೆಲವರು. ನಡುವೆ ಜಾಗ. ಎಡಗುಂಪಿನ ಕೊನೆಯಲ್ಲಿ ಗುಂಗುರು ಕೂದಲಿನವಳು. ಬಲಗುಂಪಿನ ಮೊದಲಲ್ಲಿ ಮಾತಿನಮಲ್ಲಿ. ಆ ಎರಡು ಜಾಗ ಅವರಿಗೆ ಹೇಗೆ ಸಿಕ್ಕಿತೋ, ಅವರೇ ನೋಡಿಕೊಂಡು ನಿಂತರೋ, ನನಗೆ ಗೊತ್ತಿಲ್ಲ.

ಫೋಟೋಗ್ರಾಫರ್ ಕ್ಯಾಮರಾದ ಹಿಂದಿನಿಂದ ತಲೆ ಎತ್ತಿದ. "ಎಂಥದು ಮಾರಾಯ್ರೇ, ನಡುವಿನಲ್ಲಿ ಬಸ್ಸು ಹೋಗ್ಲಿಕ್ಕುಂಟಾ? ಹತ್ತಿರ ಬನ್ನಿ, ಹತ್ತಿರ ಬನ್ನಿ."

ಯಾರೂ ಕದಲಲಿಲ್ಲ. ಸಮಿತಿಯ ಹಿರಿಯರಿಬ್ಬರೂ ಜಗಲಿಯಿಂದ ನೋಡುತ್ತಿದ್ದರು. ನನಗೆ ಆ ಜಾಗವನ್ನು ನೋಡಲಾಗಲಿಲ್ಲ. ಅದು ಫೋಟೋದಲ್ಲಿ ಬರುತ್ತದೆ, ಆಫೀಸಿನ ಗೋಡೆಯಲ್ಲಿ ತೂಗುತ್ತದೆ, ಪ್ರತಿದಿನ ನನ್ನನ್ನು ನೋಡುತ್ತದೆ. ಕುರ್ಚಿಯಿಂದ ಎದ್ದು ಬೆಂಚು ಹತ್ತಿ ನಡುವೆ ನಿಂತೆ. ಆ ಕಡೆ ಈ ಕಡೆ ಇಬ್ಬರ ಹೆಗಲ ಮೇಲೆ ಕೈ ಹಾಕಿದೆ.

ಹತ್ತುವಾಗ ಕಂಡದ್ದು, ಮಾತಿನಮಲ್ಲಿಯ ಒಂದು ಕಾಲು ಬೆಂಚಿನ ಮೇಲೆ ಆಗಲೇ ಗುಂಗುರು ಕೂದಲಿನವಳ ಕಡೆಗೆ ಸರಿದಿತ್ತು. ಅವಳ ಕೈಯೂ ಸ್ವಲ್ಪ ಮುಂದಕ್ಕೆ ಬಂದಿತ್ತು. ನಾನು ಬಂದದ್ದು ನೋಡಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ನನಗೆ ಜಾಗ ಬಿಟ್ಟಳು.

"ಹಾಂ, ಈಗ ಸರಿ ಆಯ್ತು" ಎಂದ ಫೋಟೋಗ್ರಾಫರ್.

ಫೋಟೋ ಈಗಲೂ ನನ್ನ ಹತ್ತಿರ ಉಂಟು. ನೋಡಿದವರು, ಟೀಚರಿಗೆ ಮಕ್ಕಳೆಂದರೆ ಎಷ್ಟು ಪ್ರೀತಿ, ಕುರ್ಚಿ ಬಿಟ್ಟು ಅವರ ನಡುವೆಯೇ ಹೋಗಿ ನಿಂತಿದ್ದೀರಲ್ಲ ಎನ್ನುತ್ತಾರೆ. ನಾನು ಮಾತಿನಮಲ್ಲಿಯ ಕಾಲನ್ನು ನೋಡುತ್ತೇನೆ.